ಒಂದನೇ ಕ್ಲಾಸಿಗೆ ಆಮಂತ್ರಣ

ಮಾರುವ ವಿದ್ಯೆ ನನಗೆ ಕರಗತ ಎಂಬ ಜಂಬ ನನಗೆ ಬಹಳ ಕಾಲ ಇತ್ತು. ಬಂಟ್ವಾಳ, ಬೆಳ್ತಂಗಡಿ, ಮೂಡಬಿದಿರೆಗಳಲ್ಲಿ ಟೈಲ್ಸ್ ಅಂಗಡಿ ಇಟ್ಟವನು ನಾನು. ಬಚ್ಚಲಿಗಷ್ಟೇ ಸಾಕು ಎಂದು ಬಂದವರಿಗೆ ಇಡೀ ಮನೆಯ ನೆಲ ಬದಲಿಸುವ ಆಸೆ ಹುಟ್ಟಿಸಿ ಕಳಿಸಿದ್ದೇನೆ. ಆದರೆ ಪುಕ್ಕಟೆ ಸಿಗುವುದನ್ನು ಮಾರುವುದು ಎಷ್ಟು ಕಷ್ಟ ಎಂದು ಗೊತ್ತಾದದ್ದು, ವಾಮದಪದವಿನ ಹತ್ತಿರ ನಾನು ಕಲಿತ ಸರಕಾರಿ ಶಾಲೆಗೆ ಮಕ್ಕಳನ್ನು ಹುಡುಕಲು ಹೊರಟಾಗ. ಆ ಶಾಲೆಯ ಋಣ ನನ್ನ ಮೇಲೆ ದೊಡ್ಡದು. ಅಕ್ಷರ, ಮಗ್ಗಿ, ಮಧ್ಯಾಹ್ನದ ಉಪ್ಪಿಟ್ಟು ಎಲ್ಲವೂ ನನಗೆ ದಕ್ಕಿದ್ದು ಅಲ್ಲೇ. ಈ ಸಲ ಒಂದನೇ ಕ್ಲಾಸಿಗೆ ಮಕ್ಕಳು ಸೇರದಿದ್ದರೆ ಶಾಲೆಗೆ ಬಾಗಿಲು ಹಾಕಬೇಕಾಗುತ್ತದೆ ಎಂದು ಮುಖ್ಯೋಪಾಧ್ಯಾಯಿನಿ ವಸಂತಿ ಟೀಚರ್ ಫೋನು ಮಾಡಿದರು. "ನೀವು ಒಮ್ಮೆ ಮನೆ ಮನೆಗೆ ಬಂದ್ರೆ ಒಳ್ಳೇದಿತ್ತು ಸರ್. ನಿಮ್ಮ ಮಾತು ಜನ ಕೇಳ್ತಾರೆ" ಎಂದರು. ನನ್ನನ್ನು ಉಬ್ಬಿಸಲು ಇಷ್ಟು ಧಾರಾಳ ಸಾಕು.

ಅದು ಮೇ ತಿಂಗಳು. ಇಸ್ತ್ರಿ ಹಾಕಿದ ಬಿಳಿ ಅಂಗಿಯ ನಾನು, ಒಳ್ಳೆಯ ಸೀರೆಯುಟ್ಟ ಟೀಚರ್, ಕೈಯಲ್ಲೊಂದು ಚೀಲ. ನಮ್ಮ ಕಡೆ ಈ ವೇಷಕ್ಕೆ ಒಂದೇ ಅರ್ಥ. ಜಗಲಿಯಲ್ಲಿ ಕೂರುವುದರೊಳಗೆ ಬೆಲ್ಲ, ನೀರು ಬಂತು, ಹಿಂದೆಯೇ, "ಮದುವೆ ಯಾವಾಗ ಧನಿ? ಹಾಲ್ ಎಲ್ಲಿ?" ಎಂಬ ಪ್ರಶ್ನೆಯೂ ಬಂತು. ನನಗೋ ಸಕ್ಕರೆ ಕಾಯಿಲೆ. ಬೆಲ್ಲ ಮುಟ್ಟದಿದ್ದರೆ ಮನೆಯವರಿಗೆ ಬೇಸರ. ಶಾಲೆಗಾಗಿ ಎಂದುಕೊಂಡು ಮನೆಮನೆಯಲ್ಲೂ ಕಚ್ಚಿದೆ. ಕರೆಯುತ್ತಿರುವುದು ಮದುವೆಗಲ್ಲ, ಒಂದನೇ ಕ್ಲಾಸಿಗೆ ಎಂದು ವಿವರಿಸಿದಾಗ ಎಲ್ಲರೂ "ಹೋ, ಬರ್ತೇವೆ, ಖಂಡಿತ ಬರ್ತೇವೆ" ಎಂದರು. ನಾನು ಗೆದ್ದೆನೆಂದು ಬೀಗಿದೆ.

"ಮದುವೆಗೂ ಹೀಗೇ ಹೇಳುದಲ್ವಾ ಸರ್?" ಎಂದರು ಟೀಚರ್ ಮೆಲ್ಲಗೆ. "ಬರುದಿಲ್ಲ ಅಂತ ಮುಖಕ್ಕೆ ಹೇಳುವವರು ನಮ್ಮಲ್ಲಿ ಯಾರುಂಟು?"

ಮುಖಕ್ಕೇ ಹೇಳುವ ತಾಯಿಯೊಬ್ಬಳು ಮುಂದಿನ ಮನೆಯಲ್ಲಿ ಸಿಕ್ಕಳು. "ನಿಮ್ಮ ಮೊಮ್ಮಗಳೂ ಈ ವರ್ಷ ಒಂದನೇ ಕ್ಲಾಸಲ್ವಾ ಧನಿ? ಎಲ್ಲಿಗೆ?" ಕೈಯಲ್ಲಿದ್ದ ಬೆಲ್ಲವನ್ನು ತಟ್ಟೆಗೆ ಇಟ್ಟೆ. ಸೊಸೆ ಶ್ವೇತಾ ಮೂಡಬಿದಿರೆಯ ಇಂಗ್ಲಿಷ್ ಮೀಡಿಯಂ ಶಾಲೆಯೊಂದನ್ನು ನೋಡಿಟ್ಟಿದ್ದಳು. ಇನ್ನೂ ನಿರ್ಧಾರ ಆಗಿಲ್ಲ ಎಂದು ತೊದಲಿದೆ. "ಆದ ಮೇಲೆ ಬನ್ನಿ. ಆಗ ನಾವೂ ಹೇಳ್ತೇವೆ" ಎಂದಳು. ಈ ಸುದ್ದಿ ನಮಗಿಂತ ಮೊದಲು ಊರು ಸುತ್ತಿತು. ಆಮೇಲೆ ಹೋದಲ್ಲೆಲ್ಲ ಅದೇ ಪ್ರಶ್ನೆ.

ಕಾರಿನಲ್ಲಿ ದಾರಿಯುದ್ದಕ್ಕೂ ಭಾಷಣ ಕಟ್ಟಿಕೊಂಡು ಮನೆಗೆ ಬಂದೆ. ಮಾತೃಭಾಷೆ, ಸಮಾಜದ ಋಣ, ಎಲ್ಲ ಅದರಲ್ಲಿತ್ತು. "ಶ್ವೇತಾ, ಸ್ವಲ್ಪ ಮಾತಾಡ್ಲಿಕ್ಕುಂಟು" ಎಂದೆ.

"ಶಾಲೆಯ ವಿಷಯ ಅಲ್ವಾ ಮಾವ? ನೀವು ಅತ್ಲಾಗಿ ಹೋದಾಗ ನಾನು ಮಗಳನ್ನು ಕರ್ಕೊಂಡು ನಿಮ್ಮ ಸರಕಾರಿ ಶಾಲೆ ನೋಡ್ಲಿಕ್ಕೆ ಹೋಗಿದ್ದೆ. ಒಂದನೇ ಕ್ಲಾಸಿನ ಟೀಚರ್ ಇದ್ರು. ಇವಳನ್ನು ಪಕ್ಕದಲ್ಲಿ ಕೂರಿಸಿ ಎಷ್ಟು ಚಂದ ಮಾತಾಡಿಸಿದ್ರು ಗೊತ್ತುಂಟಾ? ಇವಳು ಹೊರಡ್ಲಿಕ್ಕೇ ಒಪ್ಪಲಿಲ್ಲ. ಅಲ್ಲಿಗೇ ಕಳಿಸುವ."

ನನಗೆ ಕಣ್ಣು ತುಂಬಿ ಬಂತು. ಆ ಟೀಚರಿಗೂ ಈ ಸೊಸೆಗೂ ನಾನು ಎಷ್ಟು ಕೃತಜ್ಞನಾಗಿದ್ದರೂ ಕಡಿಮೆಯೇ. ಭಾಷಣ ಹಾಗೇ ಉಳಿಯಿತಲ್ಲ ಎಂಬ ಸಣ್ಣ ಸಂಕಟವೂ ಇತ್ತು, ಸುಳ್ಳು ಯಾಕೆ ಹೇಳಲಿ.

ಮೊಮ್ಮಗಳು ಸೇರಿದಳೆಂದು ತಿಳಿದದ್ದೇ, ಬರ್ತೇವೆ ಎಂದವರಲ್ಲಿ ಅನೇಕರು ನಿಜಕ್ಕೂ ಬಂದರು. ಶಾಲೆ ಉಳಿಯಿತು. ಆರಂಭದ ದಿನ ಮೈಕು ನನ್ನ ಕೈಗೆ ಬಂತು. ಮನೆಯವರನ್ನು ಮಾತಿನಲ್ಲಿ ಒಪ್ಪಿಸುವುದು ಹೇಗೆ ಎಂಬುದರ ಮೇಲೆ ನಾನು ಅರ್ಧ ಗಂಟೆ ಮಾತಾಡಿದೆ. ಮುಂದಿನ ಸಾಲಿನಲ್ಲಿ ಕೂತಿದ್ದ ಶ್ವೇತಾ ನನ್ನ ಪ್ರತಿ ವಾಕ್ಯ ಮುಗಿದಾಗಲೂ, ಇಲ್ಲಿಗೆ ಸಾಕು ಎಂಬಂತೆ, ಜೋರಾಗಿ ಚಪ್ಪಾಳೆ ತಟ್ಟುತ್ತಿದ್ದಳು.