ಲಾರಿ ಅಣ್ಣ ಸಾಯದ ವಾರ್ಡು

ನಗಬಾರದ ಜಾಗದಲ್ಲೇ ನಗು ಬರುವಂಥದ್ದು ನಡೆಯುತ್ತಿರುತ್ತದೆ. ನನ್ನ ಪಾಲಿಗೆ ಬಂದ ಅಂಥ ಜಾಗ ಡಯಾಲಿಸಿಸ್ ವಾರ್ಡು.

ಕೊಪ್ಪಳದ ಒಂದು ಖಾಸಗಿ ದವಾಖಾನೆಯಲ್ಲಿ ನಾನು ಟೆಕ್ನಿಷಿಯನ್. ಹಾಗೆಂದು ಯಾರೂ ಕರೆಯುವುದಿಲ್ಲ, ಎಲ್ಲರಿಗೂ ನಾನು ಸಿಸ್ಟರೇ. ಕಿಡ್ನಿ ಕೈಕೊಟ್ಟವರ ರಕ್ತವನ್ನು ಯಂತ್ರಕ್ಕೆ ಹಾಯಿಸಿ, ತೊಳೆದು, ಮತ್ತೆ ಮೈಗೆ ಬಿಡುವುದು ನನ್ನ ಕೆಲಸ. ಒಮ್ಮೆ ಮಲಗಿದರೆ ನಾಲ್ಕು ತಾಸು, ವಾರಕ್ಕೆ ಮೂರು ಸಲ. ಹೀಗೆ ಎಷ್ಟು ವರ್ಷ ಎಂದು ಹೊಸಬರು ಕೇಳುತ್ತಾರೆ. ಆಗ ನಾನು ಪಕ್ಕದವರ ಬಿಪಿ ನೋಡುವ ನೆಪ ಮಾಡಿ ಆ ಕಡೆ ಹೊರಳುತ್ತೇನೆ. ಈ ಕೆಲಸದಿಂದ ನನ್ನ ಮನಸ್ಸು ಕುಗ್ಗಿದೆ, ಸುಳ್ಳೇಕೆ ಹೇಳಲಿ. ಮನೆಯಲ್ಲಿ ನನ್ನನ್ನು ಮುಖ ಗಂಟುಹಾಕಿಕೊಂಡವಳು ಅನ್ನುತ್ತಾರೆ. ಅವರು ಹೇಳುವುದು ನಿಜವೇ.

ಒಂದು ಟಿವಿ

ಬೆಳಗಿನ ಪಾಳಿಗೆ ನಾಲ್ಕು ಮಂದಿ. ಕುಷ್ಟಗಿಯ ನಿವೃತ್ತ ಡ್ರಿಲ್ ಮಾಸ್ತರು, ಗಂಗಾವತಿಯ ಟೇಲರ್ ಚಾಚಾ, ಎಮ್ಮೆ ಕಟ್ಟಿ ಹಾಲು ಮಾರಿ ಸಂಸಾರ ತೂಗಿದ ಯಲಬುರ್ಗಾದ ಅವ್ವ ಮತ್ತು ಇಟಗಿಯ ಕಡೆಯ ಒಬ್ಬ ಖಾನಾವಳಿಯವರು. ಇವರಿಗೆಲ್ಲ ಸೇರಿ ಗೋಡೆಯ ಮೇಲೆ ಒಂದು ಟಿವಿ.

ಮಾಸ್ತರಿಗೆ ಕ್ರಿಕೆಟ್ ಬೇಕು. ಅವ್ವನಿಗೆ ಧಾರಾವಾಹಿ. ಚಾಚಾ ಏನು ಹಚ್ಚಿದರೂ "ಆವಾಜ್ ಕಮ್ಮಿ ಮಾಡ್ರಿ" ಅನ್ನುವವರು. ಜಗಳ ತಾಳಲಾರದೆ ನಾನೇ ನ್ಯೂಸ್ ಹಾಕಿದೆ. ಅಲ್ಲಿ ನಾಲ್ವರು ಕುಳಿತು ಒಬ್ಬರ ಮೇಲೊಬ್ಬರು ಕೂಗಾಡುತ್ತಿದ್ದರು. ಅರ್ಧ ತಾಸಿಗೆ ಬಿಪಿ ನೋಡಿದರೆ ನಮ್ಮ ನಾಲ್ವರದೂ ಏರಿ ಕುಳಿತಿದೆ. ಡಾಕ್ಟರು ಬಂದು ಟಿವಿ ಬಂದ್ ಮಾಡಿಸಿ, ಗೋಡೆಗೆ ಒಂದು ಹಾಳೆ ಅಂಟಿಸಿದರು: "ಉಪ್ಪು, ನೀರು, ನ್ಯೂಸ್ – ಮೂರೂ ಕಡಿಮೆ ಇರಲಿ."

ಮಾಸ್ತರ ಕೈ

ಮುಂದಿನ ವಾರ ಖಾನಾವಳಿಯವರು ಒಂದು ಪೆನ್‌ಡ್ರೈವ್ ತಂದರು. ಅದರಲ್ಲಿ ಇದ್ದದ್ದು ಒಂದೇ ಹಳೆಯ ಚಿತ್ರ. ಒಬ್ಬ ಲಾರಿ ಡ್ರೈವರು. ತಂದೆತಾಯಿ ಇಲ್ಲದ ಮೂವರು ತಂಗಿಯರನ್ನು ಸಾಕುತ್ತಾನೆ. ಊರಿನ ಸಾವ್ಕಾರ ಕಾಡುತ್ತಾನೆ. ಇವನು ಹೊಡೆದಾಡುತ್ತಾನೆ, ಹಾಡುತ್ತಾನೆ, ಒಬ್ಬೊಬ್ಬಳ ಲಗ್ನ ಮಾಡುತ್ತಾನೆ. ನಾಲ್ವರೂ ಒಪ್ಪಿದ ಒಂದೇ ಒಂದು ಸಂಗತಿ ಈ "ಲಾರಿ ಪಿಚ್ಚರ್." ಅಂದಿನಿಂದ ಬಂದ ದಿನವೆಲ್ಲ ಅದೇ ಆಯಿತು. ಮಾತುಗಳೆಲ್ಲ ಬಾಯಿಗೆ ಬಂದವು. ಸಾವ್ಕಾರ ಬಾಯಿ ತೆರೆಯುವ ಮೊದಲೇ ಅವ್ವ ಉತ್ತರ ಕೊಟ್ಟುಬಿಡುತ್ತಿದ್ದಳು.

ತೊಂದರೆ ಆದದ್ದು ಹೊಡೆದಾಟದಲ್ಲಿ. ಸೂಜಿ ಚುಚ್ಚಿದ ಕೈ ಅಲುಗಬಾರದು. ಮಾಸ್ತರು ಸಾವ್ಕಾರನಿಗೆ ಬೀಳುವ ಪ್ರತಿ ಏಟನ್ನೂ ತಾವೇ ಕೊಡುವವರು. ಒಮ್ಮೆ ಆ ಕೈಯನ್ನೇ ಬೀಸಿದರು, ಯಂತ್ರದ ಅಲಾರಂ ಬಡಕೊಳ್ಳತೊಡಗಿತು. ಆಮೇಲೆ ಹೊಡೆದಾಟ ಶುರುವಾದ ಕೂಡಲೇ ನಾನು ಓಡಿಹೋಗಿ ಮಾಸ್ತರ ಕೈ ಹಿಡಿದು ನಿಲ್ಲುವುದು ರೂಢಿಯಾಯಿತು.

ಒಂದು ದಿನ ಮಾಸ್ತರ ಹೆಂಡತಿ ಬುತ್ತಿ ತಂದವರು ಬಾಗಿಲಲ್ಲೇ ನಿಂತರು. ಗಂಡ ಟಿವಿ ನೋಡುತ್ತಿದ್ದಾರೆ, ನಾನು ಎರಡೂ ಕೈಯಿಂದ ಮಾಸ್ತರ ಕೈ ಹಿಡಿದಿದ್ದೇನೆ. ಕಾರಣ ಹೇಳಿದೆ. ಅವರು ಸಮಾಧಾನದಿಂದಲೇ ಕೇಳಿ ಅಂದರು: "ಹಿಡೀರಿ, ಹಿಡೀರಿ. ನಾ ಲಗ್ನದಾಗ ಒಮ್ಮಿ ಹಿಡದಾಕಿ. ನೀವು ವಾರಕ್ಕ ಮೂರು ಸಲ ಹಿಡೀತೀರಿ."

ಕೊಡದ ಹಾಡು

ನಮ್ಮವರಿಗೆ ನೀರು ಅಳತೆಯದು. ಕುಡಿದದ್ದು ಹೊರಹೋಗುವ ದಾರಿ ಇಲ್ಲ, ಮೈಯಲ್ಲೇ ನಿಲ್ಲುತ್ತದೆ. ಕೊಪ್ಪಳದ ಬೇಸಿಗೆಯಲ್ಲಿ ಗುಟುಕು ಎಣಿಸಿ ಬದುಕುವ ಕಷ್ಟ ನೋಡಲಾಗುವುದಿಲ್ಲ. ಬಾಯಾರಿಕೆ ಎಂದು ಅವರು ಹೇಳಿದಾಗ ನಾನು ಬೈಯುತ್ತೇನೆ, ಬೈದು ಆಚೆ ಹೋಗಿ ನಾನೂ ನೀರು ಕುಡಿಯದೆ ಬರುತ್ತೇನೆ.

ಲಾರಿ ಪಿಚ್ಚರಿನಲ್ಲಿ ಒಂದು ಹಾಡಿದೆ. ಬಿಸಿಲಲ್ಲಿ ಲಾರಿ ನಿಲ್ಲಿಸಿ ನಾಯಕ ಬಾವಿಗೆ ಬರುತ್ತಾನೆ. ನಾಯಕಿ ತಾಮ್ರದ ಕೊಡದಿಂದ ಅವನ ಬೊಗಸೆಗೆ ನೀರು ಸುರಿಯುತ್ತಾಳೆ. ಅವನು ಕುಡಿಯುತ್ತಲೇ ಇರುತ್ತಾನೆ. ಗದ್ದದಿಂದ ಅಂಗಿ ತನಕ ನೀರು. ಆಗ ನಾಲ್ವರೂ ತುಟಿ ಸವರಿಕೊಳ್ಳುತ್ತಾರೆ. ಮುಗಿದ ಕೂಡಲೇ ಚಾಚಾ, "ಬೇಟಿ, ಹಿಂದಕ್ಕ ತಗೊ, ಇನ್ನೊಮ್ಮಿ" ಅನ್ನುತ್ತಾರೆ.

ಒಮ್ಮೆ ಮ್ಯಾನೇಜರ್ ಸಾಹೇಬರು ಸರಿಯಾಗಿ ಆ ಹೊತ್ತಿಗೆ ಒಳಗೆ ಬಂದರು. ಪರದೆಯ ಮೇಲೆ ಸೀರೆ ನೆನೆದ ನಾಯಕಿ. ಹಾಸಿಗೆಗಳಿಂದ "ಇನ್ನೊಮ್ಮಿ, ಇನ್ನೊಮ್ಮಿ" ಎಂಬ ದನಿ. ಸಾಹೇಬರ ಮುಖ ಕೆಂಪಾಯಿತು. "ಹಿರ್ಯಾರು ನೀವು. ಈ ವಯಸ್ಸಿನಾಗ ನಾಚಿಕಿ ಬ್ಯಾಡೇನ್ರಿ?"

"ನಾಚಿಕಿ ಯಾಕ್ರಿ ಸಾಹೇಬ್ರ?" ಚಾಚಾ ತಬ್ಬಿಬ್ಬಾದರು. "ನಾವು ನೀರು ನೋಡಾಕ್ಹತ್ತೀವಿ."

"ಮತ್ತ ಆಕಿನ್ನ?"

ಚಾಚಾ ಮಾಸ್ತರ ಕಡೆ ತಿರುಗಿ ಮೆಲ್ಲಗೆ ಕೇಳಿದರು: "ಯಾರ್ರೀ ಮಾಸ್ತರ? ಅಲ್ಲಿ ಹೆಣ್ಮಗಳು ಅದಾಳೇನು?"

ಅವ್ವನ ಕಾನೂನು

ಚಿತ್ರದ ಕೊನೆಗೆ ಲಾರಿ ಅಣ್ಣ ಸಾಯುತ್ತಾನೆ. ಮೂರನೇ ತಂಗಿಗೆ ತಾಳಿ ಬಿದ್ದ ಮೇಲೆ ಸಾವ್ಕಾರ ಚೂರಿ ಹಾಕುತ್ತಾನೆ, ಅಣ್ಣ ಚಪ್ಪರದಲ್ಲೇ ಬೀಳುತ್ತಾನೆ. ಚಿತ್ರ ಎರಡೂವರೆ ತಾಸಿನದು, ಡಯಾಲಿಸಿಸ್ ನಾಲ್ಕು ತಾಸು. ಅವನು ಸತ್ತ ಮೇಲೂ ಇವರು ಒಂದೂವರೆ ತಾಸು ಮಲಗಿರಬೇಕು. ಆ ಹೊತ್ತೆಲ್ಲ ಕಪ್ಪಾದ ಪರದೆಯನ್ನೇ ನೋಡುತ್ತಿದ್ದರು.

ಒಂದು ದಿನ ಅವ್ವ ಸಿಡಿದಳು. "ಸತ್ತಾವನ್ನ ನೆನೆಸ್ಕೋತ ಮಲಗಾಕ ನಾ ಯಲಬುರ್ಗಾದಿಂದ ಬರಬೇಕೇನು? ತಾಳಿ ಬಿದ್ದಿಂದ ಬಂದ್ ಮಾಡ್ರಿ. ಹೊಳ್ಳಿ ಮೊದಲಿಂದ ಹಚ್ರಿ."

ಎಲ್ಲರೂ ಹೂಂ ಅಂದರು. ಅಂದಿನಿಂದ ನಮ್ಮ ವಾರ್ಡಿನಲ್ಲಿ ತಾಳಿ ಬಿದ್ದ ಕೂಡಲೇ ಲಾರಿ ಅಣ್ಣ ಮತ್ತೆ ಚಿಕ್ಕ ಹುಡುಗನಾಗಿ ತಂಗಿಯರ ಜಡೆ ಹೆಣೆಯುತ್ತಾನೆ. ಸಾವ್ಕಾರ ಒಳ್ಳೆಯವನೇನೂ ಆಗಲಿಲ್ಲ. ಆದರೆ ಅವನಿಗೆ ಚೂರಿ ಹಾಕಲು ಪುರುಸೊತ್ತೇ ಸಿಗುತ್ತಿಲ್ಲ.

ವಾರಸುದಾರ

ಶ್ರಾವಣದಲ್ಲಿ ಖಾನಾವಳಿಯವರು ತೀರಿಕೊಂಡರು. ನಮ್ಮಲ್ಲಿ ಹಾಸಿಗೆ ಖಾಲಿ ಕಂಡರೆ ಯಾರೂ ಕಾರಣ ಕೇಳುವುದಿಲ್ಲ. ಅವರ ಮಗ ಕಂಬಳಿ, ಚಪ್ಪಲಿ ಒಯ್ಯಲು ಬಂದ. ಟಿವಿಯಿಂದ ಪೆನ್‌ಡ್ರೈವ್ ತೆಗೆದು ಅವನ ಕೈಗೆ ಕೊಡಲು ಹೋದೆ.

ಅವನು ಎರಡು ಹೆಜ್ಜೆ ಹಿಂದೆ ಸರಿದ. "ಬ್ಯಾಡ್ರಿ ಅಕ್ಕಾರ, ನಿಮ್ಮ ಕಾಲಿಗೆ ಬೀಳ್ತೀನಿ. ಅಪ್ಪ ಅದನ್ನ ಹಚ್ಚಿ ಹಚ್ಚಿ ನಮ್ಮ ಜೀವಾ ತಿಂದಿದ್ದ. ಹೊಳ್ಳಿ ಒಯ್ದರ ನಮ್ಮವ್ವ ನನ್ನ ಮನಿಯಾಗ ಬಿಟ್ಟುಕೊಳ್ಳಂಗಿಲ್ಲ."

ಕ್ರೇನ್ ತಮ್ಮ

ಆ ಹಾಸಿಗೆಗೆ ಬಂದವನು ಗಿಣಿಗೇರಾದವನು. ಕಾರ್ಖಾನೆಯಲ್ಲಿ ಕ್ರೇನ್ ನಡೆಸುತ್ತಿದ್ದ, ಇನ್ನೂ ಲಗ್ನವಾಗದ ವಯಸ್ಸು. ಮುಖದ ಮೇಲೆ ಟಾವೆಲ್ ಹಾಕಿ ಗೋಡೆಗೆ ತಿರುಗಿ ಮಲಗಿಬಿಟ್ಟ.

"ಇದು ಮುಗಿಯೋದು ಯಾವಾಗ್ರಿ?" ಎಂದು ಕೇಳಿದ. ಮಧ್ಯಾಹ್ನ ಅಂದೆ.

"ಇವತ್ತಿಂದಲ್ರಿ."

ನಾನು ಅವ್ವನ ಬಿಪಿ ನೋಡಲು ಹೋದೆ.

ಎರಡನೇ ವಾರ ಅವನು ನೇರವಾಗಿಯೇ ಹೇಳಿದ. "ನಾ ಇನ್ನ ಬರಂಗಿಲ್ರಿ. ಹಿಂಗ ಬದುಕೋದು ನನಗ ಬ್ಯಾಡ." ಡಾಕ್ಟರು ತಿಳಿಹೇಳಿದರು, ಅವನ ತಾಯಿ ಅತ್ತಳು. ಟಾವೆಲ್ ಅಲುಗಲಿಲ್ಲ. ಡಯಾಲಿಸಿಸ್ ಬಿಟ್ಟವರು ಎಷ್ಟು ದಿನ ಇರುತ್ತಾರೆಂದು ನನಗೆ ಗೊತ್ತು.

ಮಾಸ್ತರು ಅಂದರು, "ಬಿಡಾಂವ ಇದ್ದರ ಬಿಡು ತಮ್ಮಾ. ಲಾರಿ ಅಣ್ಣನ ಸಣ್ಣ ತಂಗಿ ಲಗ್ನಾ ನೋಡಿ ಬಿಡು."

ಟಾವೆಲಿನೊಳಗಿನಿಂದ ದನಿ ಬಂತು. "ಸಾವ್ಕಾರ ಆ ಲಗ್ನಾ ಆಗಾಕ ಬಿಡ್ತಾನೇನ್ರಿ?"

ಇಷ್ಟು ದಿನ ಅವನು ಕೇಳಿಸಿಕೊಳ್ಳುತ್ತಿದ್ದ! ಅವನು ಹುಟ್ಟುವ ಮೊದಲಿನ ಚಿತ್ರ, ನೋಡಿರಲಿಲ್ಲ. ಬಂದಾಗಲೆಲ್ಲ ಮಾತ್ರೆಯ ಮಂಪರಿನಲ್ಲಿ ಲಗ್ನದ ಹೊತ್ತಿಗೆ ನಿದ್ದೆ ಹೋಗುತ್ತಿದ್ದ.

"ಅದನ್ನ ಹೇಳಂಗಿಲ್ಲ. ಶನಿವಾರ ಬಾ" ಅಂದರು ಚಾಚಾ.

ಅಲ್ಲಿಂದ ನಮ್ಮ ಸಂಚು ಶುರುವಾಯಿತು. ಚಿತ್ರವನ್ನು ತುಂಡು ಮಾಡಿದೆವು. ಸಾವ್ಕಾರ ಬಾಗಿಲು ಒದ್ದರೆ ರಿಮೋಟ್ ಒತ್ತಿ, "ಉಳಿದದ್ದು ಮಂಗಳವಾರ" ಅನ್ನುತ್ತಿದ್ದೆ. ಪಿಚ್ಚರಿನ ಸಣ್ಣ ತಂಗಿಗೆ ಅರಿಷಿಣ ಹಚ್ಚಿ ವಾರಗಟ್ಟಲೆ ಕೂರಿಸಿದೆವು. ಅವನು ಬಯ್ಯುತ್ತಲೇ ಬಂದ. ಕೊನೆಗೆ ತಾಳಿ ಬಿದ್ದ ದಿನ ಟಾವೆಲ್ ಸರಿಸಿ, "ಅಂತೂ ಛಲೋ ಆತು ಬಿಡ್ರಿ" ಅಂದ. ಆಮೇಲೂ ತಪ್ಪದೆ ಬರತೊಡಗಿದ. ಮೊದಲಿನಿಂದ ನೋಡಬೇಕಂತೆ.

ಒಂದು ಮಂಗಳವಾರ ಹಾಸಿಗೆ ಖಾಲಿ. ಮನೆಗೆ ಫೋನು ಮಾಡಿದೆ. ಅವನ ತಾಯಿ ಅಳುತ್ತಿದ್ದಳು. ಮಗ ಇಷ್ಟು ಹೊಗಳುವ ಚಿತ್ರ ಯಾವುದೆಂದು ಭಾನುವಾರ ಅವಳೇ ಮೊಬೈಲಿನಲ್ಲಿ ಹುಡುಕಿ ಹಚ್ಚಿದ್ದಳು. ಇಬ್ಬರೂ ಕೊನೆಯವರೆಗೆ ನೋಡಿದ್ದರು. "ಹಾಸಿಗಿ ಬಿಟ್ಟು ಏಳವಲ್ಲರಿ. ಎಲ್ಲಾರೂ ಕೂಡಿ ಸುಳ್ಳು ಹೇಳ್ಯಾರ ಅಂತಾನ."

ಸ್ಪೀಕರ್ ಹಾಕಿ ಮೊಬೈಲ್ ಎತ್ತಿ ಹಿಡಿದೆ. ಚಾಚಾ, "ಅದು ಬ್ಯಾರೆ ಪಿಚ್ಚರ್ ಇರಬೇಕು ಬೇಟಾ" ಅಂದು ಇದ್ದದ್ದನ್ನೂ ಕೆಡಿಸಿದರು. ಮಾಸ್ತರು ಡ್ರಿಲ್ಲಿನ ದನಿಯಲ್ಲಿ, "ಎದ್ದು ನಿಲ್ಲು!" ಅಂದರು.

ಅವ್ವ ಮೊಬೈಲ್ ಹತ್ತಿರ ಹಿಡಿಯಲು ಹೇಳಿದಳು. "ಏ ತಮ್ಮಾ, ಸಾಯ್ತಾನ. ನಮಗೂ ಗೊತ್ತೈತಿ. ಅಂವ ಸತ್ತಮ್ಯಾಲೂ ನಮಗಿಲ್ಲಿ ಒಂದೂವರಿ ತಾಸು ಉಳಿತೈತಿ. ಆ ಹೊತ್ತು ಏನ್ ಮಾಡೋದು? ಅದಕ್ಕ ಹೊಳ್ಳಿ ಹಚ್ಚತೀವಿ. ಬರ್ತಿದ್ದರ ಬಾ."

ಫೋನು ಕಟ್ಟಾಯಿತು. ಅವತ್ತು ಚಿತ್ರ ಹಚ್ಚಲು ಯಾರೂ ಹೇಳಲಿಲ್ಲ. ನನಗೆ ಅವನ ಮೇಲೆ ಸಿಟ್ಟು, ನಮ್ಮ ಮೇಲೂ ಸಿಟ್ಟು.

ಗುರುವಾರ ತಾಯಿಯ ಹೆಗಲು ಹಿಡಿದು ಬಂದ. ಮುಖ ಬಾತಿತ್ತು, ಮೆಟ್ಟಿಲು ಹತ್ತಿದ್ದಕ್ಕೇ ಏದುಸಿರು. ಬೇಗ ಬೇಗ ಸೂಜಿ ಹಾಕಿ ಯಂತ್ರ ಹಚ್ಚಿದೆ. ಉಸಿರು ಹದಕ್ಕೆ ಬಂದ ಮೇಲೆ ಅವನು ಅಂದ: "ಇವತ್ತ ಕಡೀತನಕ ಹಚ್ರಿ. ಎಲ್ಲಾರೂ ನೋಡ್ರಿ."

ಅವ್ವ ಹೂಂ ಅಂದಳು, ಹಚ್ಚಿದೆ. ತಾಳಿ ಬಿತ್ತು. ಚೂರಿಯೂ ಬಿತ್ತು. ಲಾರಿ ಅಣ್ಣ ದೊಡ್ಡ ತಂಗಿಯನ್ನು ಕರೆದು ಬುದ್ಧಿ ಹೇಳಿದ. ನಡುವಿನವಳನ್ನು ಕರೆದು ಬುದ್ಧಿ ಹೇಳಿದ. ಸಣ್ಣವಳ ಕೈ ಹಿಡಿದು ಹಾಡನ್ನೇ ಶುರುಮಾಡಿದ. ನಾವು ಕ್ರೇನ್ ತಮ್ಮನನ್ನೇ ನೋಡುತ್ತಿದ್ದೆವು. ಅವನ ಹುಬ್ಬು ಗಂಟಾಗಿತ್ತು.

"ಅಲ್ರೀ," ಅಂದ, "ತಂಗ್ಯಾರ ಗಂಡಂದಿರು ಮೂರು ಮಂದಿ ಸುಮ್ಮ ನಿಂತಾರ. ಹೊರಗ ಲಾರಿ ನಿಂತೈತಿ. ಒಬ್ಬನಿಗೂ ಲಾರಿ ಹೊಡ್ಯಾಕ ಬರಂಗಿಲ್ಲೇನು?"

ಮೊದಲು ಮಾಸ್ತರು ನಕ್ಕರು. ಆಮೇಲೆ ಚಾಚಾ, ಅವ್ವ, ಕಡೆಗೆ ಅವನೂ. ಕೈಗಳೆಲ್ಲ ಅಲುಗಿ ಯಂತ್ರಗಳು ಒಂದಾದ ಮೇಲೊಂದು ಕೂಗಿಕೊಂಡವು. ಮುಖ ಗಂಟುಹಾಕಿಕೊಂಡವಳೆಂದು ಹೆಸರಾದ ನಾನು ನಕ್ಕು ನಕ್ಕು ಯಾವ ಗುಂಡಿ ಒತ್ತುತ್ತಿದ್ದೇನೆಂದು ತಿಳಿಯದೆ ಓಡಾಡಿದೆ. ಆ ಗದ್ದಲದಲ್ಲಿ ಲಾರಿ ಅಣ್ಣ ಯಾವಾಗ ಸತ್ತನೋ ಯಾರೂ ನೋಡಲಿಲ್ಲ.

ಪರದೆ ಕಪ್ಪಾಯಿತು. ಇನ್ನೂ ಒಂದೂವರೆ ತಾಸು ಇತ್ತು. ಅವನು ಕಣ್ಣೊರೆಸಿಕೊಂಡು ಅಂದ, "ಹೊಳ್ಳಿ ಹಚ್ರಿ ಸಿಸ್ಟರ್. ಶನಿವಾರ ಚೂರಿ ಬಿದ್ದ ಕೂಡ್ಲೇ ನಾನ ಕ್ರೇನಿನಾಗ ಎತ್ತಿ ಲಾರ್ಯಾಗ ಹಾಕ್ತೀನಿ. ಸೀದಾ ಇಲ್ಲಿಗೇ ತಂದು ಮಲಗಸೋಣು."

"ಇಲ್ಲಿ ಬ್ಯಾಡೋ ಯಪ್ಪಾ, ಬ್ಯಾರೆ ದವಾಖಾನಿ ನೋಡು" ಅಂದಳು ಅವ್ವ. "ಇಲ್ಲಿ ನಾಲ್ಕೂ ಹಾಸಿಗಿ ತುಂಬ್ಯಾವ."