ಕೆಳರೆಪ್ಪೆಯ ತಪಾಸಣೆ

ಉಚಿತ ಸೇವೆಗೆ ಹೊರಡುವವರಲ್ಲಿ ಹೆಚ್ಚಿನವರು ಮನೆಯಲ್ಲಿ ಕೂರಲಾರದವರು ಎಂಬ ಗುಮಾನಿ ನನಗಿದೆ. ಆಧಾರ ನಾನೇ. ಸರ್ಕಾರಿ ವೈದ್ಯನಾಗಿ ನಿವೃತ್ತನಾದ ಮೂರನೇ ತಿಂಗಳಿಗೆ, ಸೇಲಂನ ಮನೆಯಲ್ಲಿ ಮಲಗಿ ಫ್ಯಾನು ಎಷ್ಟು ಸುತ್ತಿಗೊಮ್ಮೆ ಕಿರುಗುಟ್ಟುತ್ತದೆ ಎಂದು ಎಣಿಸುತ್ತಿದ್ದಾಗ ಹೆಂಡತಿ, "ಎಲ್ಲಾದರೂ ಹೋಗಿ ಯಾರಿಗಾದರೂ ಮದ್ದು ಕೊಡಿ" ಎಂದಳು. ಹಾಗೆ ಭಾನುವಾರಗಳಂದು ಮೇಚೇರಿಯ ಕ್ಲಿನಿಕ್ಕಿಗೆ ಹೋಗತೊಡಗಿದೆ. ಕ್ಲಿನಿಕ್ಕು ಅಂದರೆ ಕಲ್ಯಾಣ ಮಂಟಪವೊಂದರ ಊಟದ ಹಾಲ್. ಮುಹೂರ್ತವಿದ್ದ ದಿನ ಕಾಯಿಲೆಗಳಿಗೆ ರಜೆ.

ಬರುವವರೆಲ್ಲ ಎಪ್ಪತ್ತರ ಆಚೆಯವರು, ನನ್ನ ಮನೆತನದ ಹಾಗೆ ತಲೆಮಾರುಗಳ ಹಿಂದೆ ಈ ತಮಿಳು ಸೀಮೆಗೆ ಬಂದ ಕನ್ನಡದವರು. ನಾನು ನೇಕಾರರ ಮನೆಯ ಕನ್ನಡದಲ್ಲಿ ಬಯ್ಯುತ್ತೇನೆ, ಅವರು ಕುರಿ ಸಾಕುವವರ ಕನ್ನಡದಲ್ಲಿ ಸುಳ್ಳು ಹೇಳುತ್ತಾರೆ. "ಮಾತ್ರೆ ತಪ್ಪುಸ್ದೆ ನುಂಗ್ತೀನಿ ಸಾಮಿ." ಬಿಪಿ ಇಳಿಯದು, ಸಕ್ಕರೆ ಇಳಿಯದು, ಸವೆದ ಮಂಡಿ ಮತ್ತೆ ಬೆಳೆಯದು. ರಿಜಿಸ್ಟರಿನಿಂದ ಒಂದು ಹೆಸರು ಹೋಯಿತೆಂದರೆ ಆ ಮನುಷ್ಯ ವಾಸಿಯಾದ ಎಂದಲ್ಲ. ಎರಡನೇ ವರ್ಷಕ್ಕೆ ನನಗೆ ನಾಲ್ಕು ಮೆಟ್ಟಿಲು ಹತ್ತಿದರೆ ಏದುಸಿರು ಬರತೊಡಗಿತು. ಮಧ್ಯಾಹ್ನವಾದರೆ ಲೋಕವೇ ಬೂದಿಬಣ್ಣ. ಇದು ಹತಾಶೆ ಎಂದು ನಾನೇ ನಿರ್ಣಯಿಸಿದೆ. ದೇಹದ ಗತಿಯನ್ನು ಇಷ್ಟು ವರ್ಷ ಕಂಡವನಿಗೆ ಇದು ಸಹಜವೆಂದುಕೊಂಡು ಒಳಗೊಳಗೇ ಹೆಮ್ಮೆಯನ್ನೂ ಪಟ್ಟೆ. ಇನ್ನೊಂದು ತಿಂಗಳು, ಆಮೇಲೆ ಕ್ಲಿನಿಕ್ಕು ಬಿಡುವುದು ಎಂದು ತೀರ್ಮಾನವೂ ಆಗಿತ್ತು.

ಆಗ ಬಂದವಳು ಮಾದಮ್ಮ. ಹನ್ನೆರಡು ಕುರಿ, ಹಳೆಯ ಸಕ್ಕರೆ ಕಾಯಿಲೆ, ಎಡಗಾಲಿನ ಕಿರುಬೆರಳಲ್ಲಿ ಹುಣ್ಣು. ಕುರಿಯ ಗೊರಸಿಗೆ ಹಚ್ಚುವ ಬೇವಿನೆಣ್ಣೆಯನ್ನೇ ಅದಕ್ಕೂ ಹಚ್ಚಿದ್ದಳು.

"ಅಜ್ಜಿ, ಇದನ್ನ ಸೇಲಂಗೆ ಹೋಗಿ ತೋರಿಸಬೇಕು. ಬಿಟ್ಟರೆ ಬೆರಳು ಹೋಗುತ್ತೆ" ಎಂದೆ.

"ಯಾರ್ಲಾ ನಿಂಗೆ ಅಜ್ಜಿ? ನಿನ್ ತಲೆ ನನ್ಗಿಂತ ಬೆಳ್ಗೈತೆ" ಎಂದವಳು ನನ್ನ ಮುಖವನ್ನೇ ನೋಡಿದಳು. ಆಮೇಲೆ ಮೇಜಿನ ಮೇಲೆ ಬಗ್ಗಿ, ಬೇವಿನೆಣ್ಣೆಯ ಹೆಬ್ಬೆರಳಿನಿಂದ ನನ್ನ ಕಣ್ಣಿನ ಕೆಳರೆಪ್ಪೆಯನ್ನು ಸರಕ್ಕನೆ ಕೆಳಗೆಳೆದಳು.

ಮುಂದೆ ನಡೆದದ್ದನ್ನು ನಾನು ಮೂರು ಥರ ಹೇಳಿದ್ದೇನೆ. ಹೆಂಡತಿಗೆ ಹೇಳಿದ್ದರಲ್ಲಿ ನಾನು ನಕ್ಕೆ. ಸ್ನೇಹಿತರಿಗೆ ಹೇಳಿದ್ದರಲ್ಲಿ ಕೈಮುಗಿದೆ. ನರ್ಸ್ ಸೆಲ್ವಿಯ ಪ್ರಕಾರ ನಾನು "ಕೈ ತೆಗಿ!" ಎಂದು ಕಿರುಚಿದೆ. ಸೆಲ್ವಿಗೆ ಸುಳ್ಳು ಹೇಳಲು ಕಾರಣವಿಲ್ಲ.

"ಕೆಂಪೇ ಇಲ್ವಲ್ಲಪ್ಪಾ ಒಳ್ಗೆ! ಸುಣ್ಣ ಬಳ್ದಂಗೈತೆ. ಇಂಥಾ ಕುರೀನ ಸಂತೇಲಿ ಯಾರೂ ಏನ್ ರೇಟು ಅಂತ್ಲೂ ಕೇಳಾಕಿಲ್ಲ" ಎಂದಳು ಮಾದಮ್ಮ. ಸಾಲಿನಲ್ಲಿದ್ದವರೆಲ್ಲ ನಕ್ಕರು. ಸಂತೆಯಲ್ಲಿ ಕುರಿ ಕೊಳ್ಳುವಾಗ ರೆಪ್ಪೆ ಎಳೆದು ರಕ್ತ ನೋಡುವುದು ಅವರಿಗೆಲ್ಲ ಗೊತ್ತು. ನನಗೂ ಗೊತ್ತು, ಮನುಷ್ಯರ ರೆಪ್ಪೆಗಳನ್ನು ಮೂವತ್ತೈದು ವರ್ಷ ಎಳೆದವನು ನಾನು. ನನ್ನದನ್ನು ಎಳೆದವರು ಮಾತ್ರ ಅಲ್ಲಿಯವರೆಗೆ ಒಬ್ಬರೂ ಇರಲಿಲ್ಲ.

"ನೀನು ರತ್ತ ನೋಡ್ಸು" ಎಂದಳು. "ಆ ಚೀಟಿ ತಂದು ತೋರ್ಸಿದ್ ದಿನ ನಾನು ಸೇಲಂಗೆ ಬತ್ತೀನಿ."

"ಆಗಲಿ" ಎಂದೆ. ಆಗಲಿಲ್ಲ. ವೈದ್ಯ ತನ್ನ ಭಯವನ್ನು 'ಪುರಸೊತ್ತಿಲ್ಲ' ಎಂದು ಕರೆಯುತ್ತಾನೆ. ಮುಂದಿನ ಭಾನುವಾರ ಮಾದಮ್ಮ ರೆಪ್ಪೆ ಎಳೆದು, "ಅಂಗೇ ಐತೆ. ನೋಡ್ಸಿಲ್ಲ ನೀನು" ಎಂದಳು. ನಾನು ಬೆರಳಿಗೆ ಕಟ್ಟು ಕಟ್ಟಿ, ಮಾತ್ರೆ ಬದಲಿಸಿ, ಬೇಡಿಕೊಂಡು, ಬೈದು ನೋಡಿದೆ. "ಮಾತು ಮಾತೇ" ಎಂದಳು. ಮರುವಾರವೂ ಅದೇ. ಅದರ ಮರುವಾರ ಕಟ್ಟು ಬಿಚ್ಚಿದರೆ ಬೆರಳು ಕಪ್ಪಗಿತ್ತು.

ಸೆಲ್ವಿ ಸಿರಿಂಜು ತಂದು, "ಉಕ್ಕಾರುಂಗೊ ಸಾರ್" ಎಂದು ರೋಗಿಗಳ ಸ್ಟೂಲನ್ನು ತೋರಿಸಿದಳು. ಕೂತೆ. ರಸ್ತೆ ಮೂಲೆಯ ಲ್ಯಾಬಿನಿಂದ ಒಂದು ಗಂಟೆಯಲ್ಲಿ ಚೀಟಿ ಬಂತು. ಇರಬೇಕಾದುದರಲ್ಲಿ ಅರ್ಧ ರಕ್ತವಿತ್ತು. ಓದು ಬಾರದ ಮಾದಮ್ಮ ಆ ಚೀಟಿಯನ್ನು ಎರಡೂ ಕಡೆ ತಿರುಗಿಸಿ ನೋಡಿ, ಪಕ್ಕದವಳಿಗೆ "ಕುರಿ ನೋಡ್ಕೊಳ್ಳೇ" ಎಂದು ಹೇಳಿ ನನ್ನ ಕಾರು ಹತ್ತಿದಳು. ನಾನೇ ಕರೆದೊಯ್ದೆ ಎಂದು ಹೇಳಿಕೊಳ್ಳುತ್ತೇನೆ. ಕಾರು ಓಡಿಸಿದ್ದು ಸೆಲ್ವಿ. ನನಗೆ ತಲೆ ಸುತ್ತುತ್ತಿತ್ತು.

ಸೇಲಂನಲ್ಲಿ ನೋಡಿಸಿದಾಗ ನನ್ನ ಹೊಟ್ಟೆಯಲ್ಲೂ ರಕ್ತ ಸೋರುವ ಒಂದು ಹುಣ್ಣು ಕಂಡಿತು. ಬೆನ್ನುನೋವಿಗೆಂದು ಯಾರನ್ನೂ ಕೇಳದೆ ವರ್ಷಗಟ್ಟಲೆ ನುಂಗಿದ ಮಾತ್ರೆಗಳ ಫಲ. ಅದೇ ಮಾತ್ರೆಗಳನ್ನು ಅಂಗಡಿಯಲ್ಲಿ ಕೊಂಡು ನುಂಗಿದ್ದಕ್ಕೆ ನಾನು ಬೈಯದ ಮುದುಕ ಮೇಚೇರಿಯಲ್ಲಿಲ್ಲ. ಜೀವನದರ್ಶನವೆಂದು ಇಷ್ಟು ದಿನ ಸಾಕಿಕೊಂಡದ್ದು ಕಬ್ಬಿಣದ ಕೊರತೆ! ಇದನ್ನು ಬರೆಯುವಾಗ ಒಂದು ಚೆಂದದ ಮುಕ್ತಾಯ ತಾನಾಗಿ ಒದಗಿ ಬರುತ್ತದೆ: ರಕ್ತ ಏರಿತು, ಹತಾಶೆ ಇಳಿಯಿತು. ಏರಿದ್ದು ನಿಜ. ಇಳಿದದ್ದು ಸುಳ್ಳು. ಈಗ ಏದುಸಿರಿಲ್ಲದೆ ಹತಾಶನಾಗಿರುತ್ತೇನೆ, ಅಷ್ಟೇ.

ಎರಡು ತಿಂಗಳ ಮೇಲೆ ಮಾದಮ್ಮ ಬಂದಳು. ಎಡಗಾಲಲ್ಲಿ ನಾಲ್ಕು ಬೆರಳು.

"ನಾನು ಮೊದಲನೇ ವಾರವೇ ರಕ್ತ ನೋಡಿಸಿದ್ದರೆ ಅದು ಉಳೀತಿತ್ತು, ಅವ್ವಾ" ಎಂದೆ. ಇಲ್ಲ ಬಿಡಪ್ಪಾ ಎಂದಾಳೆಂದು ಕಾದೆ.

"ಉಳೀತಿತ್ತು" ಎಂದಳು.

ಆಕೆ ಸ್ಟೂಲನ್ನು ನನ್ನ ಹತ್ತಿರಕ್ಕೆ ಎಳೆದುಕೊಂಡು ಕೂತು, "ಓಗಿದ್ದು ಓಯ್ತು. ಮುಂದಿನ್ ವಾರ ಬತ್ತೀಯ ತಾನೇ? ಬಿಟ್‌ಬಿಡ್ತೀಯಂತೆ, ಸೆಲ್ವಿ ಏಳುದ್ಲು" ಎಂದಳು.

"ಬರ್ತೀನಿ."

"ರತ್ತದ್ ಕೆಂಪು ಮಾತ್ರೆ ನುಂಗ್ತಿದ್ದೀಯಾ?"

"ತಪ್ಪಿಸದೆ" ಎಂದೆ. ಹೊಟ್ಟೆ ಕೆಡಿಸುತ್ತದೆಂದು ಗುರುವಾರದಿಂದ ಬಿಟ್ಟಿದ್ದೆ.

ಮಾದಮ್ಮ ಹೆಬ್ಬೆರಳನ್ನು ಸೆರಗಿಗೆ ಒರೆಸಿಕೊಂಡು, "ಇತ್ಲಾಗ್ ಬಗ್ಗು" ಎಂದಳು.