ಗುರುತಿಲ್ಲದ ಮುಖ ಬೇಕಾಗಿದೆ

ನಲ್ಲಿ ಸಾರ್‌ಗೆ ಈ ಪ್ರಪಂಚದ ಮೇಲಿದ್ದ ದೂರು ಒಂದೇ. ಮನುಷ್ಯರ ಮುಖಗಳೇನೋ ಬಹಳ ಚೆನ್ನಾಗಿವೆ, ಫೋಟೋ ತೆಗೆಯೋಣ ಅನ್ನಿಸುತ್ತದೆ. ಆದರೆ ಪ್ರತಿಯೊಂದು ಮುಖದ ಹಿಂದೆಯೂ ಒಬ್ಬ ಮನುಷ್ಯ ಇರುತ್ತಾನೆ, ಅವನ ಅಪ್ಪಣೆ ಕೇಳಬೇಕಾಗುತ್ತದೆ. ಕೇಳುವುದು ನಲ್ಲಿ ಸಾರ್ ಕೈಲಾಗದ ಕೆಲಸ. ಹಾಗಾಗಿ ಕ್ಯಾಮೆರಾ ಕೊಂಡಂದಿನಿಂದ ಅವರು ಅಪ್ಪಣೆ ಬೇಡದ ವಸ್ತುಗಳನ್ನೇ ಹಿಡಿಯುತ್ತ ಬಂದಿದ್ದರು. ಬೀಗ, ಕುರ್ಚಿ, ಒಂಟಿ ಚಪ್ಪಲಿ, ಎಲ್ಲಕ್ಕಿಂತ ಹೆಚ್ಚಾಗಿ ನಲ್ಲಿ. ತೊಟ್ಟಿಕ್ಕುವ ನಲ್ಲಿ, ತುಕ್ಕು ಹಿಡಿದ ನಲ್ಲಿ, ಬೆಳಗಿನ ಬಿಸಿಲಿನಲ್ಲಿ ನಲ್ಲಿ, ಮೋಡ ಕವಿದಾಗ ಅದೇ ನಲ್ಲಿ. (ಅದಕ್ಕೆ 'ವಿರಹಿ' ಎಂದು ಹೆಸರಿಟ್ಟಿದ್ದರು.) ನಲ್ಲಿ ಎಂದೂ 'ಯಾಕ್ರೀ ತೆಗೀತೀರಾ?' ಎಂದು ಕೇಳುವುದಿಲ್ಲ. ಛಾಯಾಚಿತ್ರ ಹವ್ಯಾಸಿಗಳ ಸಂಘದವರು ಅವರ ನಿಜವಾದ ಹೆಸರನ್ನು ಮರೆತು ಎಷ್ಟೋ ಕಾಲವಾಗಿತ್ತು.

ತಮಾಷೆಯೆಂದರೆ ಅವರ ಉದ್ಯೋಗ ರಕ್ತಪರೀಕ್ಷೆಯ ಲ್ಯಾಬಿನಲ್ಲಿ. ಬೆಳಗಿನಿಂದ ಸಂಜೆಯವರೆಗೆ ಗುರುತು ಪರಿಚಯವಿಲ್ಲದವರ ತೋಳು ಹಿಡಿದು, ಪಟ್ಟಿ ಬಿಗಿದು, ಸೂಜಿ ಚುಚ್ಚಿ ರಕ್ತ ಎಳೆಯುತ್ತಾರೆ. ಆಗ ಕೈ ಒಂದಿಷ್ಟೂ ನಡುಗುವುದಿಲ್ಲ.

"ಕಂಡವರ ರಕ್ತ ಹೀರೋಕೆ ನಾಚಿಕೆ ಇಲ್ಲ, ಒಂದು ಫೋಟೋ ಕೇಳೋಕೆ ನಾಚಿಕೆಯೇನ್ರೀ?" ಎಂದು ಅವರ ಹೆಂಡತಿ ಕೇಳಿದ್ದುಂಟು.

"ಅಲ್ಲಿ ಅವರೇ ಚೀಟಿ ತಗೊಂಡು ಬರ್ತಾರೆ ಕಣೇ. ಫೋಟೋಗೆ ಯಾವ ಡಾಕ್ಟರು ಚೀಟಿ ಬರ್ಕೊಡ್ತಾನೆ?"

ಈ ಹೆಂಡತಿಯ ಕೆಲಸ ಟೆಲಿಫೋನಿನಲ್ಲಿ ಗಿರಾಕಿಗಳ ದೂರು ಕೇಳುವುದು. ಕೆಟ್ಟ ಮಿಕ್ಸಿ, ತಿರುಗದ ಫ್ಯಾನು, ತಣ್ಣಗಾಗದ ಫ್ರಿಜ್ಜುಗಳ ಒಡೆಯರೆಲ್ಲ ದಿನವಿಡೀ ಆಕೆಯ ಕಿವಿಯಲ್ಲಿ ಕೂಗಾಡುತ್ತಾರೆ. ಅವರನ್ನೆಲ್ಲ ಜೇನಿನಂಥ ದನಿಯಲ್ಲಿ ಸಮಾಧಾನಪಡಿಸಿ, ಮಿಕ್ಕ ದನಿಯನ್ನು ಆಕೆ ಮನೆಗೆ ತರುತ್ತಾಳೆ.

ಹೀಗಿರುವಾಗ ಸಂಘದ ವಾರ್ಷಿಕ ಪ್ರದರ್ಶನ ಬಂತು. ಅಧ್ಯಕ್ಷರು ನಿವೃತ್ತ ಹೆಡ್‌ಮಾಸ್ಟರು, ಸದಸ್ಯರಿಗೆ ಹೋಂವರ್ಕ್ ಕೊಡುವ ಚಪಲ ಇನ್ನೂ ಹೋಗಿರಲಿಲ್ಲ. ಈ ವರ್ಷದ ವಿಷಯ 'ಗುರುತಿಲ್ಲದ ಮುಖ' ಎಂದು ಘೋಷಿಸಿದರು. "ಪರಿಚಯ ಇಲ್ಲದವರನ್ನ ಮಾತಾಡಿಸಿ, ಒಪ್ಪಿಸಿ, ಮುಖಾಮುಖಿ ತೆಗೆದ ಫೋಟೋ ಆಗಿರಬೇಕು. ನಲ್ಲಿ ಸಾರ್, ಈ ಸಲಾನೂ ನಲ್ಲಿ ತಂದ್ರೆ ನಿಮ್ಮನ್ನ ನೀರು ಸರಬರಾಜು ಇಲಾಖೆಗೆ ವರ್ಗ ಮಾಡಿಬಿಡ್ತೀನಿ."

ಎಲ್ಲರೂ ನಕ್ಕರು. ನಲ್ಲಿ ಸಾರ್ ಕೂಡ ನಕ್ಕರು, ಆದರೆ ಒಳಗೆ ಚುರುಕ್ಕೆಂದಿತು. ಸಂಘಕ್ಕೆ ಸೇರಿದಾಗಿನಿಂದ ಅವರ ಒಂದೇ ಒಂದು ಫೋಟೋ ಗೋಡೆ ಕಂಡಿರಲಿಲ್ಲ. ಪ್ರತಿ ಪ್ರದರ್ಶನದಲ್ಲೂ ಏಣಿ ಹಿಡಿಯುವವರು ಅವರು, ಮೊಳೆ ಹೊಡೆಯುವವರು ಅವರು, ಮಿಕ್ಕವರ ಫೋಟೋ ಸೊಟ್ಟಗಿದೆಯೋ ನೆಟ್ಟಗಿದೆಯೋ ಎಂದು ದೂರ ನಿಂತು ನೋಡುವವರೂ ಅವರೇ. ತಾವು ಹೊಡೆದ ಮೊಳೆಗೆ ಒಮ್ಮೆಯಾದರೂ ತಮ್ಮದೇ ಫೋಟೋ ನೇತುಹಾಕಬೇಕೆಂಬುದು ಅವರ ಜೀವನದ ಮಹದಾಸೆಯಾಗಿತ್ತು.

ಪ್ರಯತ್ನವನ್ನೇನೂ ಅವರು ಬಿಡಲಿಲ್ಲ. ಬಸ್ ನಿಲ್ದಾಣದಲ್ಲಿ ನಿಂತು ಒಬ್ಬ ಅಜ್ಜನ ಕಡೆಗೆ ಕ್ಯಾಮೆರಾ ಎತ್ತಿದರು. ಅಜ್ಜ ತಿರುಗಿ ನೋಡಿದರು. ನಲ್ಲಿ ಸಾರ್ ಕ್ಯಾಮೆರಾವನ್ನು ಹಾಗೆಯೇ ಮೇಲಕ್ಕೆತ್ತಿ ವಿದ್ಯುತ್ ತಂತಿಯ ಫೋಟೋ ತೆಗೆದರು. ಬೇಕರಿಯ ಮುಂದೆ ಒಬ್ಬ ಮೀಸೆಯವನು ತಾನಾಗಿಯೇ ಬಂದು "ಸಾರ್, ನಂದೊಂದು ಫೋಟೋ ತೆಗೀರಿ" ಎಂದು ಎದೆ ಸೆಟೆಸಿ ನಿಂತ. ಇದಕ್ಕಿಂತ ಭಾಗ್ಯ ಬೇಕೆ? ನಲ್ಲಿ ಸಾರ್ "ಬ್ಯಾಟರಿ ಇಲ್ಲ" ಎಂದವರೇ ಬ್ಯಾಟರಿ ಇದ್ದವರಂತೆ ಓಡಿಬಂದರು.

ಆ ಭಾನುವಾರ ನಡುಮನೆಯಲ್ಲಿ ತಲೆ ಮೇಲೆ ಕೈಹೊತ್ತು ಕೂತಿದ್ದ ಗಂಡನನ್ನು ನೋಡಿ ಹೆಂಡತಿಗೆ ಕರುಣೆ ಉಕ್ಕಿತು.

"ನಿಮಗೆ ಅಭ್ಯಾಸ ಇಲ್ಲ, ಅಷ್ಟೇ. ಏಳಿ, ಪ್ರಾಕ್ಟೀಸ್ ಮಾಡೋಣ. ನಾನು ಯಾರೋ ಹೆಂಗಸು. ಕಿಟಕಿ ಹತ್ರ ಬಸ್ಸಿಗೆ ಕಾಯ್ತಾ ಕೂತಿದೀನಿ. ನೀವು ಬಂದು ಕೇಳಿ."

ನಲ್ಲಿ ಸಾರ್ ಬಾಗಿಲಿನಿಂದ ಕ್ಯಾಮೆರಾ ಸಮೇತ ಪ್ರವೇಶಿಸಿದರು. "ನೋಡು, ನಿನ್ನದೊಂದು ಫೋಟೋ..."

"ಏನ್ರೀ ಇದು? ಗುರುತಿಲ್ಲದ ಹೆಂಗಸನ್ನ ನೀನು ತಾನು ಅಂತೀರಲ್ಲ, ಮನೇಲಿ ಯಾರೂ ಮರ್ಯಾದೆ ಹೇಳಿಕೊಟ್ಟಿಲ್ವಾ?"

"ಹೇಳಿಕೊಟ್ಟಿದ್ದೆ ಕಣಮ್ಮ, ಅವನಿಗೆ ಹತ್ತಲಿಲ್ಲ" ಎಂದು ಪೇಪರ್ ಓದುತ್ತಿದ್ದ ನಲ್ಲಿ ಸಾರ್ ತಾಯಿ ಅಲ್ಲಿಂದಲೇ ಉತ್ತರ ಕೊಟ್ಟರು.

ಮತ್ತೆ ಬಾಗಿಲಿನಿಂದ ಪ್ರವೇಶ. "ನಮಸ್ಕಾರ ಮೇಡಂ. ತಮ್ಮದೊಂದು ಫೋಟೋ ತೆಗೆದುಕೊಳ್ಳಬಹುದಾ?"

"ಯಾಕೆ?"

ನಲ್ಲಿ ಸಾರ್ ಕಿಟಕಿಯ ಕಡೆ ನೋಡಿದರು. "ಬೆಳಕು ಚೆನ್ನಾಗಿದೆ ಮೇಡಂ."

"ಬೆಳಕು ಚೆನ್ನಾಗಿದ್ರೆ ಬೆಳಕಿನ ಫೋಟೋ ತೆಗೀರಿ. ಮುಂದಕ್ಕೆ ಹೋಗಿ."

"ಲೇ, ಒಪ್ಕೊಳ್ಳೇ. ಹೊರಗೆ ಯಾರೂ ಇಷ್ಟು ಕಾಡೋದಿಲ್ಲ!"

"ಕೂಗ್ಲಾ? ನಾಲ್ಕು ಜನ ಸೇರಿಸ್ಲಾ?"

"ಅಲ್ವೋ, ಕಟ್ಟಿಕೊಂಡವಳ ಫೋಟೋಗೇ ಇಷ್ಟು ಗೋಗರೀಬೇಕೇನೋ?" ಎಂದರು ತಾಯಿ. ಪೇಪರು ಈಗ ಪೂರ್ತಿ ಕೆಳಗಿಳಿದಿತ್ತು.

ಮೂರನೆಯ ಸಲ ಗುರುತಿಲ್ಲದ ಹೆಂಗಸು ಸ್ವಲ್ಪ ಮೆತ್ತಗಾದಳು. "ಸರಿ, ತೆಗೀರಿ. ಅಂದಹಾಗೆ ನಿಮಗೆ ಮದುವೆ ಆಗಿದೆಯಾ?"

"ಆಗಿದೆ ಮೇಡಂ." ನಲ್ಲಿ ಸಾರ್ ಕಣ್ಣು ಆಗಲೇ ಕ್ಯಾಮೆರಾದೊಳಗಿತ್ತು. ಬಲಗೆನ್ನೆಯ ಮೇಲೆ ನಿಜವಾಗಿಯೂ ಒಳ್ಳೆಯ ಬೆಳಕಿತ್ತು.

"ಮತ್ತೆ ಅವರದ್ದೇ ತೆಗೀಬಹುದಲ್ಲ?"

"ಅವಳು ಒಂದು ಕಡೆ ಕೂರೋದಿಲ್ಲ ಮೇಡಂ. ಕೂತರೂ ಮಾತು ನಿಲ್ಲಿಸೋದಿಲ್ಲ. ನಮ್ಮನೇಲಿ ಅವಳ ಬಾಯಿ ಮುಚ್ಚಿರೋ ಫೋಟೋ ಒಂದೂ ಇಲ್ಲ."

ಹೆಂಡತಿಯಾಗಿದ್ದರೆ ಆಕೆ ಇದಕ್ಕೆ ಅರ್ಧ ಗಂಟೆ ಉತ್ತರ ಕೊಡುತ್ತಿದ್ದಳು. ಆದರೆ ಆಕೆ ಈಗ ಯಾರೋ ಹೆಂಗಸು. ಯಾರೋ ಹೆಂಗಸು ಇನ್ನಾರದೋ ಹೆಂಡತಿಯ ಪರವಾಗಿ ಜಗಳಕ್ಕಿಳಿಯಲು ಬರುವುದಿಲ್ಲ. ಏರಿದ ಹುಬ್ಬು ಏರಿದಲ್ಲೇ ನಿಂತಿತು. ಕಣ್ಣಿನಲ್ಲಿ ಸಿಟ್ಟು, ತುಟಿಯಂಚಿನಲ್ಲಿ ತಡೆದ ನಗು, ಇವೆರಡರ ನಡುವೆ 'ಹೌದಾ, ನನ್ನ ಬಗ್ಗೆ ಹಾಗಂದುಕೊಂಡಿದ್ದೀರಾ' ಎಂಬ ಸಣ್ಣದೊಂದು ನೋವು. ನಲ್ಲಿ ಸಾರ್ ಬೆರಳು ತಾನಾಗಿಯೇ ಗುಂಡಿ ಒತ್ತಿತು.

ಆಮೇಲೆ ಬಂದ ಅರ್ಧ ಗಂಟೆಯ ಉತ್ತರ ಇಲ್ಲಿ ಬೇಡ.

ಫೋಟೋ ಅದ್ಭುತವಾಗಿತ್ತು. ನಲ್ಲಿ ಸಾರ್ ಕಂಪ್ಯೂಟರಿನ ಮುಂದೆ ಕೂತು ಅದನ್ನೇ ನೋಡಿದರು. ಇಂಥದೊಂದು ಮುಖ ಈ ಮನೆಯಲ್ಲಿ ಓಡಾಡುತ್ತಿದೆ ಎಂಬುದು ಅವರಿಗೆ ಗೊತ್ತೇ ಇರಲಿಲ್ಲ. ಗೊತ್ತಿರಲಿಲ್ಲವೆಂದ ಮೇಲೆ ಗುರುತಿಲ್ಲದ ಮುಖವೇ ತಾನೇ? ಸಂಘದಲ್ಲಿ ಆಕೆಯನ್ನು ಯಾರೂ ಕಂಡಿಲ್ಲ. ತರ್ಕ ಇಷ್ಟು ನುಣುಪಾಗಿ ಜಾರುತ್ತಿರುವಾಗ ಕೈಯೂ ಜಾರಿತು, ಫೋಟೋ ಅಧ್ಯಕ್ಷರಿಗೆ ಹೊರಟುಹೋಯಿತು. 'ಬಸ್ಸಿಗೆ ಕಾಯುತ್ತಿದ್ದ ಮಹಿಳೆ' ಎಂದು ಶೀರ್ಷಿಕೆಯನ್ನೂ ಕೊಟ್ಟರು.

"ಸುಳ್ಳಲ್ವೇನ್ರೀ?" ಎಂದಳು ಹೆಂಡತಿ.

"ಒಂದೇ ಒಂದು ಸಲ ಗೋಡೆ ಮೇಲೆ ಬರಲಿ ಕಣೇ. ನಿನ್ನ ದಮ್ಮಯ್ಯ."

ಗಂಡ ದಮ್ಮಯ್ಯ ಎಂದದ್ದು ಆಕೆಗೂ ಹೊಸದು. ಹೋಗಲಿ ಬಿಡಿ ಎಂದಳು.

ಎರಡು ದಿನ ಬಿಟ್ಟು ಅಧ್ಯಕ್ಷರ ಫೋನು ಬಂತು. "ಭೇಷ್! ನಡುಗೋಡೆಗೆ ನಿಮ್ಮದೇ ಫೋಟೋ. ಭಾನುವಾರ ಆ ಮಹಿಳೆಯನ್ನ ಕರ್ಕೊಂಡು ಬನ್ನಿ. ಫೋಟೋದಲ್ಲಿರೋರೆಲ್ಲ ಬಂದು ತಂತಮ್ಮ ಫೋಟೋ ಪಕ್ಕ ನಿಲ್ಲಬೇಕು ಅಂತ ಈ ಸಲ ಏರ್ಪಾಡು ಮಾಡಿದೀವಿ."

ನಲ್ಲಿ ಸಾರ್ ಕೂತಲ್ಲಿಂದ ಎದ್ದು ನಿಂತರು. "ಅವರು ಯಾರೋ ಏನೋ ಸಾರ್..."

"ಹಾಗಂದ್ರೆ? ಅವರನ್ನ ಕೇಳದೆ ಕದ್ದು ತೆಗೆದ್ರಾ? ಹಾಗಿದ್ರೆ ಪಟ್ಟಿಯಿಂದ ತೆಗೆದುಬಿಡ್ತೀನಿ."

"ಬೇಡ ಸಾರ್! ವಿಳಾಸ ಇದೆ! ಕರ್ಕೊಂಡು ಬರ್ತೀನಿ!"

ಭಾನುವಾರ ಇಬ್ಬರೂ ಬೇರೆಬೇರೆ ಹೊರಟರು. ಗಂಡ ಬಸ್ಸಿನಲ್ಲಿ, ಗುರುತಿಲ್ಲದ ಮಹಿಳೆ ಟ್ಯಾಕ್ಸಿಯಲ್ಲಿ. ಸಭಾಂಗಣದ ಬಾಗಿಲಲ್ಲಿ ಆಕೆ ಇಳಿದು ಬಂದಾಗ ನಲ್ಲಿ ಸಾರ್ ಕೈಮುಗಿದು "ಬನ್ನಿ ಮೇಡಂ, ಬಂದಿದ್ದು ಸಂತೋಷ" ಎಂದರು. ಆಕೆ ಅವರನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ಓ, ನೀವೇ ಅಲ್ವಾ ಅವತ್ತು ಕ್ಯಾಮೆರಾ ಹಿಡ್ಕೊಂಡು ನಡುಗ್ತಾ ಇದ್ದೋರು?" ಎಂದಳು. ಸಂಘವೆಲ್ಲ ಗೊಳ್ಳೆಂದಿತು.

ನಡುಗೋಡೆಯ ಮೇಲೆ, ಅವರೇ ಹೊಡೆದ ಮೊಳೆಗೆ, ಅವರದೇ ಫೋಟೋ ತೂಗುತ್ತಿತ್ತು. ಜನ ಅದರ ಮುಂದೆ ನಿಂತು ಹೋಗಲೊಲ್ಲರು. ನಲ್ಲಿ ಸಾರ್ ಕಣ್ಣು ಒದ್ದೆಯಾಯಿತು. ಅದನ್ನು ಕಂಡು ಹೆಂಡತಿಯ ಕೈ ಅಭ್ಯಾಸಬಲದಿಂದ ಮುಂದೆ ಬಂದು ಅವರ ಮಡಚಿದ ಕಾಲರನ್ನು ಸರಿಮಾಡಿಬಿಟ್ಟಿತು. ಸಭಾಂಗಣದ ಕಣ್ಣೆಲ್ಲ ಆ ಕೈಯ ಮೇಲೆ ಬಿತ್ತು. ಆಕೆ ತಬ್ಬಿಬ್ಬಾಗಲಿಲ್ಲ. "ನನಗೆ ಮಡಚಿದ ಕಾಲರ್ ಕಂಡ್ರೆ ಆಗೋದೇ ಇಲ್ಲ, ಯಾರದ್ದಾದ್ರೂ ಸರಿ" ಎನ್ನುತ್ತ ಪಕ್ಕದಲ್ಲಿದ್ದ ಅಧ್ಯಕ್ಷರ ಕಾಲರನ್ನೂ ಖಜಾಂಚಿಯ ಕಾಲರನ್ನೂ ಎಳೆದು ಸರಿಮಾಡಿದಳು. ಅಧ್ಯಕ್ಷರಿಗೆ ಪರಮಾನಂದವಾಯಿತು.

"ಅಮ್ಮ, ತಾವು ಎರಡು ಮಾತಾಡಲೇಬೇಕು" ಎಂದು ಮೈಕು ಕೈಗೆ ಕೊಟ್ಟರು. ಮಾತಾಡಬೇಕೆಂದು ಆ ಹೆಂಗಸಿಗೆ ಜೀವಮಾನದಲ್ಲಿ ಯಾರೂ ಹೇಳಿರಲಿಲ್ಲ. ಹೇಳುವ ಪ್ರಸಂಗವೇ ಬಂದಿರಲಿಲ್ಲ.

"ಈ ಸಾರ್ ಯಾರು ಅಂತ ನನಗೆ ಸರಿಯಾಗಿ ಗೊತ್ತಿಲ್ಲ" ಎಂದು ಆಕೆ ಶುರು ಮಾಡಿದಳು, ಫ್ರಿಜ್ಜಿನ ಒಡೆಯರಿಗೆ ಮೀಸಲಾಗಿದ್ದ ಜೇನಿನ ದನಿಯಲ್ಲಿ. "ಆದ್ರೆ ಅವತ್ತು ಅವರು ನನ್ನ ಮುಖಾನ ಎಷ್ಟು ಗಮನವಿಟ್ಟು ನೋಡಿದ್ರು ಅಂದ್ರೆ, ನಮ್ಮನೆಯವರು ಮದುವೆ ಆದಾಗಿನಿಂದ ಅಷ್ಟು ನೋಡಿಲ್ಲ. ನಮ್ಮನೆಯವರಿಗೂ ಕ್ಯಾಮೆರಾ ಹುಚ್ಚಿದೆ. ಏನೇನೋ ತೆಗೀತಾರೆ, ನನ್ನನ್ನ ಬಿಟ್ಟು. ಈ ಸಾರ್ ಹೆಂಡತಿದೂ ಅದೇ ಕಥೆಯಂತೆ. ಅವಳ ಬಾಯಿ ನಿಲ್ಲೋದಿಲ್ಲ, ಅದಕ್ಕೇ ಫೋಟೋ ತೆಗೆಯಲ್ಲ ಅಂತ ಇವರೇ ಹೇಳಿದ್ರು. ಪಾಪ, ಮನೇಲಿ ಬೇರೆ ಯಾರೂ ಮಾತಾಡದೇ ಇದ್ರೆ ಅವಳೇ ತಾನೇ ಮಾತಾಡ್ಬೇಕು? ನನಗೆ ಆ ಹೆಂಗಸಿನ ಬಗ್ಗೆ ಬಹಳ ಮರುಕ ಆಯ್ತು."

ನಾಟಕವೆಲ್ಲಿ ಮುಗಿಯಿತು, ನಿಜವೆಲ್ಲಿ ಶುರುವಾಯಿತು ಎಂದು ನಲ್ಲಿ ಸಾರ್‌ಗೆ ತಿಳಿಯಲಿಲ್ಲ. ತಪ್ಪಾಯಿತು ಎಂದು ಅಲ್ಲೇ ಹೇಳಬೇಕೆನಿಸಿತು. ಹೇಳುವುದಾದರೂ ಯಾರಿಗೆ? ಆಕೆ ಗುರುತಿಲ್ಲದ ಹೆಂಗಸು. ಅಷ್ಟರಲ್ಲಿ ಮೊದಲ ಸಾಲಿನ ಹೆಂಗಸರೆಲ್ಲ ತಿರುಗಿ ನೋಡಿದ ನೋಟಕ್ಕೆ ಅವರು ಮೊಳೆಯಂತೆ ಗೋಡೆಗೆ ಹೊಕ್ಕುಬಿಡುವವರಿದ್ದರು.

ಅಧ್ಯಕ್ಷರು ಕಣ್ಣೊರೆಸಿಕೊಂಡು ಮೈಕು ತೆಗೆದುಕೊಂಡರು. ಅವರೊಳಗಿನ ಹೆಡ್‌ಮಾಸ್ಟರ್ ಪೂರ್ತಿ ಎಚ್ಚೆತ್ತಿದ್ದ. "ನಲ್ಲಿ ಸಾರ್! ಮುಂದಿನ ತಿಂಗಳ ಸಭೆಗೆ ನಿಮ್ಮ ಹೋಂವರ್ಕು ನಿಮ್ಮ ಹೆಂಡತಿ ಫೋಟೋ. ಫೋಟೋ ಜೊತೆ ಅವರನ್ನೂ ಕರ್ಕೊಂಡು ಬರಬೇಕು, ನಾವೆಲ್ಲ ನೋಡಬೇಕು. ತಪ್ಪಿಸಿದ್ರೆ ಈ ಫೋಟೋ ಗೋಡೆ ಮೇಲೆ ಇರೋಲ್ಲ. ಅವತ್ತಿನ ಮುಖ್ಯ ಅತಿಥಿಯಾಗಿ ಈ ಅಮ್ಮನೇ ಬಂದು ಅವರಿಗೆ ಹೂಗುಚ್ಛ ಕೊಡಬೇಕು ಅಂತ ಸಂಘದ ಪರವಾಗಿ ಕೇಳ್ಕೋತೀನಿ."

"ಖಂಡಿತ ಬರ್ತೀನಿ. ನನಗೂ ಆ ಹೆಂಗಸನ್ನ ಒಂದ್ಸಲ ನೋಡಬೇಕು" ಎಂದಳು ಅಮ್ಮ. ಚಪ್ಪಾಳೆ ಸಿಡಿಯಿತು.

ಮುಂದಿನ ತಿಂಗಳ ಮುಖ್ಯ ಅತಿಥಿಯನ್ನು ಅಧ್ಯಕ್ಷರು ತಮ್ಮ ಕಾರಿನಲ್ಲಿ ಆಕೆ ಹೇಳಿದ ತಿರುವಿನವರೆಗೆ ಬಿಟ್ಟುಬಂದರು. ನಲ್ಲಿ ಸಾರ್ ಏಣಿ ಒಳಗಿಟ್ಟು, ಟೀ ಲೋಟಗಳನ್ನು ಎಣಿಸಿ ಒಪ್ಪಿಸಿ, ಎರಡು ಬಸ್ಸು ಬದಲಿಸಿ ಮನೆ ಸೇರುವ ಹೊತ್ತಿಗೆ ಆಕೆ ಸೋಫಾದ ಮೇಲೆ ಕಾಲು ಚಾಚಿ ಕೂತಿದ್ದಳು.

"ತಪ್ಪಾಯ್ತು ಕಣೇ" ಎಂದರು ನಲ್ಲಿ ಸಾರ್ ಚಪ್ಪಲಿ ಕೂಡ ಬಿಡದೆ. "ನಾಳೆಯಿಂದ ನಿನ್ನದೇ ಫೋಟೋ ತೆಗೀತೀನಿ, ದಿನಾ."

"ತೆಗೀರಿ, ಬಹಳ ಸಂತೋಷ."

"ಮುಂದಿನ ತಿಂಗಳು ನೀನು ಹೆಂಡತಿಯಾಗಿ ಬಾ. ಎಲ್ಲಾ ಒಪ್ಪಿಕೊಂಡುಬಿಡೋಣ."

"ಒಪ್ಪಿಕೊಂಡ್ರೆ ಫೋಟೋ ಗೋಡೆಯಿಂದ ಇಳಿಯುತ್ತೆ."

ನಲ್ಲಿ ಸಾರ್ ಚಪ್ಪಲಿ ಬಿಟ್ಟು ಕೂತರು. ಗೋಡೆ ಕಣ್ಣಮುಂದೆ ಬಂತು. ಅದರ ಮುಂದೆ ನಿಂತ ಜನ ಕಣ್ಣಮುಂದೆ ಬಂದರು. "ಹಾಗಾದ್ರೆ ಏನ್ ಮಾಡೋದೇ?"

"ನನಗೇನು ಗೊತ್ತು? ನಾನು ಮುಖ್ಯ ಅತಿಥಿ, ಮಾತು ಕೊಟ್ಟಿದೀನಿ. ಹೂಗುಚ್ಛ ತಗೊಳ್ಳೋಕೆ ಹೆಂಡತಿ ಬೇಕು ಅಂದ್ರೆ ನೀವೇ ಎಲ್ಲಾದ್ರೂ ಹುಡುಕ್ಕೊಳ್ಳಿ. ಬೆಳಿಗ್ಗೆ ಎದ್ದು ಬಸ್ ನಿಲ್ದಾಣಕ್ಕೆ ಹೋಗಿ, ಯಾರಾದ್ರೂ ಮರ್ಯಾದಸ್ಥ ಹೆಂಗಸಿದ್ರೆ ಕೇಳಿ ನೋಡಿ, 'ಮೇಡಂ, ಒಂದು ದಿನದ ಮಟ್ಟಿಗೆ ನನ್ನ ಹೆಂಡತಿ ಆಗ್ತೀರಾ' ಅಂತ." ಆಕೆ ಎದ್ದು, ಗಂಡನ ಕೆನ್ನೆಯನ್ನು ಬೆಳಕಿಗೆ ತಿರುಗಿಸಿ ಗಮನವಿಟ್ಟು ನೋಡಿದಳು. "ಫೋಟೋ ಬೇಕಾದ್ರೆ ಇವತ್ತೇ ಒಂದು ತೆಗೆಸಿಕೊಂಡುಬಿಡಿ. ನಾಳೆ ನಿಲ್ದಾಣದಿಂದ ವಾಪಸ್ ಬಂದ ಮೇಲೆ ಈ ಮುಖ ಗುರುತು ಸಿಗುತ್ತೋ ಇಲ್ವೋ."